ಸಣ್ಣ ಒಲೆ

ಆ ಅಳಿಲು ಮರಿ ಬಿದ್ದದ್ದು ಸಿದ್ಧಾರ್ಥನಗರದ ನಮ್ಮ ತೆಂಗಿನ ಮರದಿಂದಲೋ ಪಕ್ಕದವರದ್ದರಿಂದಲೋ, ಈಗ ಖಚಿತವಿಲ್ಲ. ತೊಂಬತ್ತರ ದಶಕ, ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಆಗಷ್ಟೇ ಮುಗಿಸಿದ್ದೆ. ನನ್ನ ಮೂರು ಹೊತ್ತಿನ ಊಟವನ್ನೇ ಅದರ ತೂಕಕ್ಕೆ ಇಳಿಸಿ ಲೆಕ್ಕ ಹಾಕಿ, ದಿನಕ್ಕೆ ಮೂರು ಸಲ ಎರಡೆರಡು ತೊಟ್ಟು ಹಾಲು ಕೊಟ್ಟೆ. ಮರುದಿನ ಮರಿ ತಣ್ಣಗಾಗಿ ಮುದುಡಿತ್ತು; ಉಸಿರೊಂದು ಆಡುತ್ತಿತ್ತು.

ಪಕ್ಕದ ಮನೆಯವರು ನಿವೃತ್ತ ಮಾವುತರು. ಸುಮ್ಮನೆ ಕೂತಾಗಲೆಲ್ಲ ಎರಡು ಬೆರಳಿಂದ ಮಂಡಿಯನ್ನು ನಿಧಾನವಾಗಿ ತಟ್ಟುತ್ತಿದ್ದರು. ಅವರಿಗೆ ಮರಿಯನ್ನು ತೋರಿಸಿ ಹಾಲಿನ ಲೆಕ್ಕ ಹೇಳಿದೆ.

“ಮೂರೇ ಸಲವಾ? ಇದೇನು ಆನೇನಾ ಸ್ವಾಮಿ? ಸಣ್ಣ ಒಲೆ ಕಣ್ರೀ, ಬೇಗ ಉರಿದು ಆರೋಯ್ತದೆ. ಪುಳ್ಳೆ ಹಾಕ್ತಾನೇ ಇರ್ಬೇಕು.”

ಮೈ ಸಣ್ಣದಾದಷ್ಟೂ ಗ್ರಾಮಿಗೆ ಹೆಚ್ಚು ಆಹಾರ ಬೇಕೆಂದು ಪರೀಕ್ಷೆಯಲ್ಲಿ ಬರೆದಿದ್ದೆ; ಮರಿಯ ಮುಂದೆ ಮರೆತಿದ್ದೆ.

ಅವರು ಮರಿಯನ್ನು ಬನಿಯನ್ನಿನೊಳಗೆ ಎದೆಗೊತ್ತಿಕೊಂಡು, ಗಂಟೆಗೊಮ್ಮೆ ಬತ್ತಿಯಿಂದ ಹಾಲು ತೊಟ್ಟಿಕ್ಕಿಸಿದರು. ಸಂಜೆಗೆ ಅದು ಮಿಸುಕಿತು.

“ಇದರ ಎದೆ ಬಡಿತ ಎಣಿಸಿ ನೋಡಣ” ಎಂದರು. ಎಣಿಸಲಾಗದಷ್ಟು ವೇಗ; ನನ್ನ ಬೆರಳಿಗೆ ಬರೀ ಅದರೆದೆಯ ನಡುಕ ಸಿಕ್ಕಿತು.

“ನಮ್ಮ ಆನೇದು ನಿಮಿಷಕ್ಕೆ ಮೂವತ್ತು” ಎನ್ನುತ್ತ ಮಂಡಿ ತಟ್ಟಿದರು. ಅದೇ ನಿಧಾನದ ತಟ್ಟು.

ಮರಿ ಬದುಕಿತು. ಅದು ಮರ ಹತ್ತಿದ್ದನ್ನು ನಾನೇ ಕಂಡೆನೋ, ಅವರು ಹೇಳಿದ್ದೋ ತಿಳಿಯದು. ವರ್ಷಗಳ ನಂತರ ಒಂದನ್ನು ಮಾತ್ರ ಪುಸ್ತಕದಲ್ಲಿ ಹುಡುಕಿ ಖಚಿತಪಡಿಸಿಕೊಂಡೆ: ನಿಂತ ಆನೆಯ ಎದೆ ನಿಮಿಷಕ್ಕೆ ಸುಮಾರು ಮೂವತ್ತು ಸಲ ಬಡಿಯುತ್ತದೆ.