ಕುದುರೆ ಮೇಲಿನ ಬೆನ್ನು

ಅಡುಗೆಯ ಎಲಾದಿಯಾ, ಫಿದೆನ್ಸಿಯೊ ಎಂಬವನನ್ನು ಮೊದಲು ಕಂಡ ದಿನ ಅವನು ಸುಡುಬಿಸಿಲಲ್ಲಿ ಸುಮ್ಮನೆ ನಿಂತಿದ್ದ. ಮೆಕ್ಸಿಕೋದ ದುರಾಂಗೋ ಬಯಲಲ್ಲಿ ಸಿನಿಮಾದವರು ಬೀಡುಬಿಟ್ಟಿದ್ದರು. ಅವರಿಗೆ ಅಡುಗೆ ಇವಳದು. ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತ ಅವನನ್ನೇ ನೋಡಿದಳು. ಕೊನೆಗೆ ತಡೆಯಲಾಗಲಿಲ್ಲ.

"ಏನಪ್ಪಾ, ಯಾರಾದ್ರೂ ಶಿಕ್ಷೆ ಕೊಟ್ಟಿದಾರಾ?"

"ಇದೇ ನನ್ನ ಕೆಲಸ ಅಕ್ಕಾ. ಹೀರೋ ನಿಲ್ಲೋ ಜಾಗದಲ್ಲಿ ನಾನು ನಿಲ್ತೀನಿ, ದೀಪ ಸರಿಮಾಡ್ಕೋತಾರೆ. ಆಮೇಲೆ ಅವರು ಬರ್ತಾರೆ, ನಾನು ಹೋಗ್ತೀನಿ."

"ನಿಲ್ಲೋದಕ್ಕೂ ಸಂಬಳಾನಾ! ನಮ್ಮ ಕತ್ತೆಗೆ ಗೊತ್ತಾದ್ರೆ ನಾಳೆಯಿಂದ ಸೌದೆ ಹೊರಲ್ಲ."

ಫಿದೆನ್ಸಿಯೊಗೆ ಎತ್ತರ, ಮೈಕಟ್ಟು ಎಲ್ಲ ಹೀರೋನದೇ; ಎಡಭುಜ ಮಾತ್ರ ತಗ್ಗು. ಚಿಕ್ಕಂದಿನಲ್ಲಿ ಕಾಲು ಸರಿಯಿಲ್ಲದ ತಂಗಿ ಚೋನಾಳನ್ನು ಆ ಭುಜದ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದನಂತೆ. ಹೀರೋನಂತೆ ಕಾಣಲೆಂದು ದರ್ಜಿ ಅವನ ಕೋಟಿನ ಎಡಭುಜದೊಳಗೆ ಹತ್ತಿ ತುಂಬಿ ಹೊಲಿದಿದ್ದ. ಚೋನಾ ಈಗ ಗಡಿಯಾಚೆ, ಅಮೆರಿಕದ ಎಲ್ ಪಾಸೋದಲ್ಲಿದ್ದಳು. ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳಾಗಿದ್ದವು.

"ಭಾನುವಾರ ತಪ್ಪದೆ ಸಿನಿಮಾಕ್ಕೆ ಹೋಗ್ತಾಳೆ ಅಕ್ಕಾ. ಒಂದ್ಸಲ ಪರದೆ ಮೇಲೆ ನನ್ನ ನೋಡ್ಲಿ ಅಂತ ಆಸೆ" ಎನ್ನುತ್ತಿದ್ದ.

ಕೊನೆಯ ದೃಶ್ಯದ ದಿನ ಹೀರೋಗೂ ನಿರ್ದೇಶಕನಿಗೂ ಜಟಾಪಟಿ ಹತ್ತಿತು. ಕುದುರೆ ಏರಿ ಊರು ಬಿಟ್ಟು ಹೋಗುವ ನಾಯಕ ಒಮ್ಮೆ ತಿರುಗಿ ನೋಡಬೇಕೆಂದು ನಿರ್ದೇಶಕನ ಹಟ.

"ಬಿಟ್ಟು ಹೋಗೋನು ಕತ್ತು ಹೊರಳಿಸ್ತಾನೇನ್ರೀ?" ಎಂದ ಹೀರೋ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ.

ಹೊತ್ತು ಇಳಿಯುತ್ತಿತ್ತು. "ಫಿದೆನ್ಸಿಯೊ, ನೀನು ಕುದುರೆ ಹತ್ತೋ!" ನಿರ್ದೇಶಕ ಕೂಗಿದ. "ನೇರ ಗುಡ್ಡಕ್ಕೆ ಹೋಗು. ತಿರುಗಿ ನೋಡಿದ್ಯೋ, ನಿನ್ನ ಮುಖ ಕ್ಯಾಮೆರಾಕ್ಕೆ ಬಿದ್ದು ಎಲ್ಲಾ ಕೆಡುತ್ತೆ!"

ಫಿದೆನ್ಸಿಯೊ ನೀರು ಕುಡಿಯಲು ಒಲೆಯ ಬಳಿ ಬಂದ, ಸೌದೆರಾಶಿಯ ಮರೆಗೆ ಹೋಗಿ ಕೋಟು ಸರಿಮಾಡಿಕೊಂಡು ಹೊರಟ. ಅಷ್ಟು ಆಸೆ ಇಟ್ಟುಕೊಂಡವನು ತಿರುಗದೆ ಇರುತ್ತಾನೆಯೇ? ಎಲಾದಿಯಾ ಸೌಟು ಹಿಡಿದೇ ನಿಂತಳು. ಕುದುರೆ ಗುಡ್ಡ ಹತ್ತಿತು, ಮರೆಯಾಯಿತು. ಅವನು ತಿರುಗಲಿಲ್ಲ.

"ಆ ಇಳಿಬಿದ್ದ ಭುಜ ನೋಡ್ರೋ! ಎಂಥ ದುಃಖ ತಂದ ಪುಣ್ಯಾತ್ಮ!" ನಿರ್ದೇಶಕ ಟೋಪಿ ಮೇಲಕ್ಕೆಸೆದ.

ಹೀರೋ ಕಾರಿಳಿದು ಬಂದು, "ನಾನು ಹೇಳ್ಲಿಲ್ವಾ, ತಿರುಗೋದು ಬೇಡ ಅಂತ?" ಎಂದ. ಆ ರಾತ್ರಿ ಅವನೂ ನಿರ್ದೇಶಕನೂ ಒಂದೇ ಪಾತ್ರೆಯ ಕಾಳಿನ ಸಾರು ಉಂಡರು.

ಸೌದೆಗೆ ಬಗ್ಗಿದ ಎಲಾದಿಯಾಳ ಕೈಗೆ ಒಂದು ಹಿಡಿ ಹತ್ತಿ ಸಿಕ್ಕಿತು, ಕಿತ್ತ ದಾರದ ಸಮೇತ. ಯಾರೂ ನೋಡುವ ಮುಂಚೆ ಒಲೆಗೆ ಹಾಕಿದಳು.

ಮರುದಿನ ಎಲ್ಲರೂ ಲಾರಿ ಹತ್ತುವಾಗ ಫಿದೆನ್ಸಿಯೊ ಒಲೆಯ ಬಳಿಗೆ ಓಡಿಬಂದ.

"ಎಲಾದಿಯಕ್ಕಾ, ನೀವು ಹಿಂದಿನಿಂದ ನೋಡಿದ್ರಲ್ಲ. ನಿಜ ಹೇಳಿ, ನಮ್ಮ ಚೋನಾಗೆ ಗುರುತು ಸಿಗುತ್ತಾ?"