ಕಮತಗಿಯ ಗೋರಿ ತಾಟು

ಬಾದಾಮಿ ಬಸ್ ಸ್ಟ್ಯಾಂಡಿನ ಹತ್ತಿರ ನಾನೊಂದು ತಾಟು ಕೊಂಡೆ. ನೀಲಿ ಡ್ರ್ಯಾಗನ್ ಇದ್ದ ಚೀನಿ ಪಿಂಗಾಣಿ. ಆದಿಲ್‌ಶಾಹಿ ಕಾಲದ್ದು ಎಂದು ಮಾರುವವನು ಆಣೆ ಮಾಡಿ ಹೇಳಿದ. ಅದರ ಮೇಲಿನ ಧೂಳು ನೋಡಿದರೆ ಇನ್ನೂ ಹಿಂದಿನದೇ ಇರಬೇಕು ಅನ್ನಿಸಿತು. (ಧೂಳನ್ನು ನಂಬುವ ವಯಸ್ಸಲ್ಲ ನನ್ನದು. ಆದರೂ ನಂಬಿದೆ.)

ಮರುದಿನ ಬೆಳಿಗ್ಗೆ ಅದನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಸಂಗಪ್ಪ ಮಾಸ್ತರರ ಮನೆಗೆ ಓಡಿದೆ.

ಸಂಗಪ್ಪ ಮಾಸ್ತರರು ನಮ್ಮ ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಾರೆ. ಉಳಿದ ಹೊತ್ತೆಲ್ಲ ಚೀನಾದ ಹಳೆಯ ಪಿಂಗಾಣಿ ಹುಡುಕುತ್ತಾರೆ. ಅವರ ಮನೆಯ ಗೋಡೆಗೂಡುಗಳಲ್ಲಿ ದೇವರಿಗಿಂತ ತಾಟುಗಳೇ ಹೆಚ್ಚು. ಅವರ ಹೆಂಡತಿ ಮಾತ್ರ ಎಲ್ಲರಿಗೂ ಸ್ಟೀಲಿನಲ್ಲೇ ಊಟ ಬಡಿಸುತ್ತಾರೆ. ಅವರಿಗೆ ಒಡೆಯುವ ಸಾಮಾನೆಂದರೆ ಆಗದು.

ಮಾಸ್ತರರು ನನ್ನ ಡ್ರ್ಯಾಗನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಾಟನ್ನು ಬೋರಲು ಹಾಕಿದರು. ಅದು ನೆಲದ ಮೇಲೆ ಕೂರುವ ಬಳೆಯಂಥ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಆಮೇಲೆ ಭೂತಗನ್ನಡಿ ತೆಗೆದರು.

"ಎಲ್ಲಾರೂ ತಾಟಿನ ಮಾರಿ ನೋಡಿ ಮರುಳಾಗ್ತಾರಪಾ. ನಾ ಬುಡ ನೋಡ್ತೇನಿ. ಮಾರಿಗೆ ಬಣ್ಣಾ ಹಚ್ಚೂದು ಸರಳ. ಬುಡಕ್ಕ ಯಾರೂ ಸಿಂಗಾರ ಮಾಡೂದಿಲ್ಲ. ಇಲ್ನೋಡು, ಅಚ್ಚು ಇತ್ತು, ಪಾಲಿಶ್ ಪೇಪರ್ ಹಾಕಿ ತಿಕ್ಯಾರ. ಒಂದಕ್ಷರ ಉಳದೈತಿ."

ನೋಡಿದೆ. ಇಂಗ್ಲಿಷಿನ 'ಎಮ್'. 'ಮೇಡ್ ಇನ್' ಎಂಬುದರ ಮೊದಲ ಅಕ್ಷರ! ಆದಿಲ್‌ಶಾಹಿಯವರು ಯಾವ ಕಾನ್ವೆಂಟಿನಲ್ಲಿ ಓದಿದ್ದರು?

ನನಗೆ ನಾಚಿಕೆಯಾಯಿತು. ಮಾಸ್ತರರು ನಗಲಿಲ್ಲ. ಚಹಾ ಕುಡಿಸಿ ಕಳಿಸಿದರು. ಇಂಥ ಹೊತ್ತಿನಲ್ಲಿ ನಗದೇ ಇರುವವರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ?

ಹೋದ ತಿಂಗಳು ನನ್ನಾಕೆಗೆ ಸೀರೆ ತರಲು ಇಳಕಲ್ಲಿಗೆ ಹೊರಟೆ. ಮಾಸ್ತರರೂ ಬಂದರು. ಅಲ್ಲೊಬ್ಬ ನೇಕಾರನ ಮನೆಯಲ್ಲಿ ಹಳೆಯ ಚೀನಿ ಬಟ್ಟಲುಗಳಿವೆ ಎಂದು ಅವರಿಗೆ ಯಾರೋ ಹೇಳಿದ್ದರು. ಹೋದರೆ ಆ ಮನೆಯಾಕೆ ಸಂಭ್ರಮದಿಂದ ಒಂದು ಹೊಸ ಸ್ಟೀಲ್ ಡಬ್ಬಿ ತೋರಿಸಿದರು. ಬೀದಿಗೆ ಬಂದ ಪಾತ್ರೆಯವಳಿಗೆ ಹಳೆಯ ಜರಿ ಸೀರೆಯ ಜೊತೆ ಬಟ್ಟಲುಗಳನ್ನೂ ಕೊಟ್ಟು ಅದನ್ನು ತಗೊಂಡಿದ್ದರಂತೆ. ಮಾಸ್ತರರ ಮುಖ ಒಂದು ಕ್ಷಣ ಬಾಡಿತು. ಆಮೇಲೆ, "ಡಬ್ಬಿ ಭಾಳ ಚಂದ ಐತ್ರಿ" ಎಂದರು. ನಾನಾಗಿದ್ದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದೆ.

ವಾಪಸು ಬಸ್ಸಿನಲ್ಲಿ ಅವರು ತಮ್ಮ ಆಸೆ ಹೇಳಿಕೊಂಡರು. ಚೀನಾದ ಹಸಿರು ತಾಟು. ಬರೀ ಹಸಿರು, ಬೇರೆ ಬಣ್ಣವಿಲ್ಲ, ತಳದಲ್ಲಿ ಮಾತ್ರ ಹಸಿರಿನೊಳಗೇ ಕೊರೆದ ಒಂದು ಹೂವು. ಒಮ್ಮೆ ಒಂದು ಮ್ಯೂಸಿಯಮ್ಮಿನಲ್ಲಿ ಗಾಜಿನ ಆಚೆಯಿಂದ ನೋಡಿದ್ದರಂತೆ. ಇಪ್ಪತ್ತು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ. "ಒಂದ್ಸಲ ಕೈಯಾಗ ಹಿಡದ್ರ ಸಾಕಪಾ" ಎಂದರು.

ದಾರಿಯಲ್ಲಿ ಕಮತಗಿಗೆ ಇಳಿದೆವು. ಅಲ್ಲಿ ಅಜ್ಜನ ಮನೆಯಲ್ಲಿ ನನ್ನ ಚಿಗವ್ವ ಇದ್ದಾಳೆ, ನಮ್ಮವ್ವನ ತಂಗಿ. ಕುರಿ, ಕೋಳಿ, ಎರಡೆಕರೆ ಹೊಲ. ಆ ದಾರಿಯಲ್ಲಿ ಹೋಗುವವನು ಅವಳ ಮನೆಯಲ್ಲಿ ಉಣ್ಣದೆ ಹೋದರೆ ವರ್ಷಗಟ್ಟಲೆ ಮಾತು ಬಿಡುತ್ತಾಳೆ.

ಅಂಗಳದ ಬೇವಿನ ಗಿಡದ ಕೆಳಗೆ ಕೋಳಿಯೊಂದು ಹಳೆಯ ತಾಟಿನಲ್ಲಿ ನೀರು ಕುಡಿಯುತ್ತಿತ್ತು. ಮಾಸ್ತರರು ಅಲ್ಲೇ ನಿಂತುಬಿಟ್ಟರು. ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತರು.

"ಏನಾತ್ರಿ ಮಾಸ್ತರ್ರ?"

"ನೀರಿನ ಬುಡಕ ಹೂವು ಕಾಣ್ತೈತಿ" ಎಂದು ಪಿಸುಗುಟ್ಟಿದರು.

ಕೋಳಿ ಕುಡಿದು ಮುಗಿಸುವ ತನಕ ಕಾದರು. (ಕೋಳಿಗೂ ಮರ್ಯಾದೆ ಕೊಡುವ ಮನುಷ್ಯ.) ಅದು ಹೋದ ಮೇಲೆ ನೀರು ಚೆಲ್ಲಿ ತಾಟನ್ನು ಬೋರಲು ಮಾಡಿದರು. ತಳದ ಅಂಚು ಸುಟ್ಟ ಇಟ್ಟಂಗಿಯ ಹಾಗೆ ಕೆಂಪಗಿತ್ತು. ಸಗಣಿ, ಮಣ್ಣು ಮೆತ್ತಿದ ಕಡೆ ಬೆರಳಿನಿಂದ ಉಜ್ಜಿದರು. ಹಸಿರು ಹೊಳೆಯಿತು.

ಅಷ್ಟರಲ್ಲಿ ಚಿಗವ್ವ ಹೊರಗೆ ಬಂದಳು.

"ಅಯ್ಯ, ಅದನ್ನ ಮುಟ್ಟಬ್ಯಾಡ್ರಿ ಮಾಸ್ತರ್ರ! ಅದು ಗೋರಿ ತಾಟು. ಸತ್ತವರ ಸಾಮಾನು."

ಹೊಸ್ತಿಲ ಮೇಲೆ ಕೂತು ಅವಳು ಅದರ ಕತೆ ಹೇಳಿದಳು. ಅವಳಪ್ಪ, ಅಂದರೆ ನನ್ನ ಅಜ್ಜ, ಕಂಬಳಿ ನೇಯುತ್ತಿದ್ದ. ಒಂದು ಸಲ ದೇಸಾಯರ ವಾಡೆಗೆ ತನ್ನ ಕೈಯ ಅತ್ಯುತ್ತಮ ಕಂಬಳಿ ನೇಯ್ದುಕೊಟ್ಟ. ದೇಸಾಯರು ಖುಷಿಯಾಗಿ ಈ ತಾಟು ಕೊಟ್ಟು, ಇದು 'ಗೋರಿ ತಾಟು', ಜೋಪಾನ, ಎಂದರಂತೆ. ಯಾರದೋ ಗೋರಿ ಅಗೆದು ತಂದದ್ದನ್ನು ಕೊಟ್ಟಿದ್ದಾರೆ ಎಂದುಕೊಂಡ ಅಜ್ಜಿ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಒಡೆದು ಬಿಸಾಡಲೂ ಹೆದರಿಕೆ, ಗೋರಿಯವನು ಸಿಟ್ಟಾದರೆ?

"ನಮ್ಮಪ್ಪ ಆ ವಾಡೇದ ಮೆಟ್ಟಲಾ ಮತ್ತ ಹತ್ತಲಿಲ್ರಿ. 'ಅಂಥಾ ಕಂಬಳಿಗೆ ಹೆಣದ ತಾಟು ಕೊಟ್ರಲ್ಲ' ಅಂತ ಸಾಯೂತನಕಾ ಅಂದ. ನಿಮಗ ಬೇಕಂದ್ರ ಒಯ್ರಿ, ಪೀಡಾ ಹೋದಂಗ ಆಗ್ತೈತಿ. ಕೋಳಿಗೆ ಒಂದು ಅಲ್ಯುಮಿನಿ ತಾಟು ಇಡ್ತೇನಿ."

ಕೇಳಿದಿರಲ್ಲ? ಪುಕ್ಕಟೆ! ಇಪ್ಪತ್ತು ವರ್ಷ ಹುಡುಕಿದ್ದು ತಾನಾಗಿ ಚೀಲದೊಳಗೆ ಬಂದು ಬೀಳುತ್ತಿದೆ. ಮಾಸ್ತರರು ಮಾಡಬೇಕಾದ ಕೆಲಸ ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅವರು ಬಾಯಿ ತೆರೆಯುವ ಲಕ್ಷಣ ಕಂಡಿತು. ನಾನು ಮೆಲ್ಲಗೆ ಅವರ ಕಾಲು ತುಳಿದೆ.

ಅವರು ತಾಟು ನೋಡಿದರು. ನನ್ನನ್ನು ನೋಡಿದರು. ಚಿಗವ್ವನನ್ನು ನೋಡಿದರು.

"ಯವ್ವಾ, ಅದು ಗೋರಿ ಅಲ್ರಿ, ಘೋರಿ. ಚೀನಾದ ಹಸರ ತಾಟಿಗೆ ನವಾಬರ ಮನ್ಯಾಗ ಹಂಗ ಅಂತಿದ್ರು. ಇದರಾಗ ವಿಷದ ಅನ್ನ ಹಾಕಿದ್ರ ತಾಟು ಸೀಳ್ತೈತಿ ಅಂತ ನಂಬಿ, ದೊಡ್ಡ ದೊಡ್ಡವರು ಇದರಾಗನ ಉಣತಿದ್ರು."

ನಾನು ಇನ್ನೊಮ್ಮೆ ತುಳಿದೆ, ಜೋರಾಗಿ. ಅವರು ನಿಲ್ಲಿಸಲಿಲ್ಲ.

"ನಿಮ್ಮಪ್ಪಗ ಹೆಣದ್ದು ಕೊಟ್ಟಿಲ್ರಿ. ತಮ್ಮ ಜೀವಾ ಕಾಯೂ ತಾಟು ಕೊಟ್ಟಾರ. ಇದು ಖರೆ ಮಾಲು. ಭಾಳ ಬೆಲಿ ಬಾಳ್ತೈತಿ. ಯಾರು ಕೇಳಿದ್ರೂ ಸುಮ್ಮ ಸುಮ್ಮನ ಕೊಡಬ್ಯಾಡ್ರಿ."

ಚಿಗವ್ವ ತಾಟನ್ನು ಅವರ ಕೈಯಿಂದ ಇಸಿದುಕೊಂಡಳು. ಆಮೇಲೆ, "ನಮ್ಮಪ್ಪಗ ಗೊತ್ತಾಗಲಿಲ್ಲಲ್ಲೋ ತಮ್ಮಾ" ಎಂದು ಅತ್ತಳು. ಗಟ್ಟಿಯಾಗಿಯೇ ಅತ್ತಳು. ತಾಟನ್ನು ತಾನೇ ತೊಳೆದು, ಸೆರಗಿನಿಂದ ಒರೆಸಿ, ಒಳಗೆ ಒಯ್ದು ಬೀರಪ್ಪ ದೇವರ ಫೋಟೋದ ಮುಂದೆ ಇಟ್ಟಳು. ಇನ್ನು ಅದನ್ನು ಕೇಳುವ ಧೈರ್ಯ ಯಾರಿಗಿದೆ?

ಬಸ್ಸಿನಲ್ಲಿ ನಾನು ಮಾಸ್ತರರ ಮೇಲೆ ಹರಿಹಾಯ್ದೆ. ಸುಮ್ಮನೆ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು? ಅವರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು, ಅದಕ್ಕಿನ್ನೂ ಮಣ್ಣು ಮೆತ್ತಿತ್ತು.

"ಹಿಡದೆನಲ್ಲಪಾ, ಸಾಕು. ಹಂಗ ತಂದಿದ್ರ, ಅದರ ಬುಡ ನೋಡಿದಾಗೊಮ್ಮೆ ನನ್ನ ಬುಡಾನೂ ಕಾಣ್ತಿತ್ತು."

ಖೊಟ್ಟಿ ತಾಟು ಗುರುತಿಸುವವರು ಬೊಂಬಾಯಿಯಲ್ಲಿ ಬೇಕಾದಷ್ಟು ಇರಬಹುದು. ಖರೆಯದನ್ನು ಗುರುತಿಸಿ, ಕೈಯಲ್ಲಿ ಹಿಡಿದು, ಅದರ ಒಡತಿಗೆ ಒಪ್ಪಿಸಿ ಬರುವವರು? ನಾನು ಕಂಡದ್ದು ಒಬ್ಬರನ್ನೇ. ಚಿಕ್ಕಂದಿನಲ್ಲಿ ಆ ತಾಟಿಗೆ ನಾನೇ ಎಷ್ಟು ಸಲ ನೀರು ತುಂಬಿಸಿದ್ದೇನೋ ಲೆಕ್ಕವಿಲ್ಲ. ಹೂವು ನನಗೆ ಒಂದು ದಿನವೂ ಕಂಡಿರಲಿಲ್ಲ.

ಮೊನ್ನೆ ಭಾನುವಾರ ಒಬ್ಬನೇ ಕಮತಗಿಗೆ ಹೋಗಿದ್ದೆ. ಚಿಗವ್ವ ಎಂದಿನಂತೆ ರೊಟ್ಟಿ ಬಡಿದಳು, ಎಂದಿನಂತೆ ಬೆಣ್ಣೆ ಹಾಕಿದಳು. ಮಾಸ್ತರರಿಗೆಂದು ಶೇಂಗಾ ಚಟ್ನಿ ಕಟ್ಟಿಕೊಟ್ಟು, ನಾನು ಎರಡನೆಯ ರೊಟ್ಟಿ ಮುರಿಯುವಾಗ ತಣ್ಣಗೆ ಕೇಳಿದಳು:

"ಅವತ್ತು ಎರಡ್ ಸಲ ತುಳದಿಯಲ್ಲೋ ತಮ್ಮಾ, ಮಾಸ್ತರ್ರ ಕಾಲ್ ನೋವು ಕಮ್ಮಿ ಆತೇನು?"