ಬೂಟಿನೊಳಗಿನ ಗಜ್ಜರಿ

ಹೊಸ್ತಿಲ ಮೇಲೆ ಚಪ್ಪಲಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಸಿಟ್ಟೋ ರೋಗವೋ ಎಂದು ಸೊಸೆ ಮಂಗಲಾ ಕೇಳುತ್ತಾಳೆ. ನಾನು ಶಿಸ್ತು ಎನ್ನುತ್ತೇನೆ. ಸನತ್‌ನಗರದ ನಮ್ಮ ಮನೆಗೆ ಲೈನ್‌ಮನ್ ಬರಲಿ, ಬೀಗರು ಬರಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ದೀಪಾವಳಿಗೆ ಲಕ್ಷ್ಮಿಯೂ ಬರಿಗಾಲಲ್ಲೇ ಬರುತ್ತಾಳೆ. ಅವಳ ಪಾದಗಳನ್ನು ರಂಗೋಲಿಯಲ್ಲಿ ಬಿಡಿಸುವವಳು ನಾನೇ. ಒಂದು ವರ್ಷವೂ ಚಪ್ಪಲಿ ಬಿಡಿಸಿಲ್ಲ.

ಇಂಥ ನನ್ನ ಹೊಸ್ತಿಲ ಮೇಲೆ ಹೋದ ಡಿಸೆಂಬರಿನ ಒಂದು ಬೆಳಿಗ್ಗೆ ಪುಟ್ಟ ಬೂಟೊಂದು ಕೂತಿತ್ತು. ಒಂಟಿ ಬೂಟು. ಅದರೊಳಗೆ ಒಂದು ಗಜ್ಜರಿ. ತಿನ್ನುವ ಪದಾರ್ಥ, ಕಾಲಿಗೆ ಹಾಕುವುದರಲ್ಲಿ! ಬೂಟನ್ನು ಮೆಟ್ಟಿಲ ಕೆಳಗಿನ ರಾಶಿಗೆ ಒಗೆದೆ, ಗಜ್ಜರಿಯನ್ನು ಓಣಿಯಲ್ಲಿ ಹೊರಟಿದ್ದ ಎಮ್ಮೆಗೆ ಹಾಕಿದೆ, ನೀರು ಚಿಮುಕಿಸಿ ರಂಗೋಲಿ ಎಳೆದೆ.

ಬೂಟು ಯಾರದೆಂದು ಹೇಳಬೇಕು. ನಮ್ಮ ಮೇಲಂತಸ್ತಿನಲ್ಲಿ ಹಾಲೆಂಡಿನ ಸಂಸಾರವೊಂದು ಬಾಡಿಗೆಗಿದೆ. ಗಂಡ ಇಲ್ಲಿನ ಕಾರ್ಖಾನೆಯಲ್ಲಿ ಯಂತ್ರ ಕೂಡಿಸುವವನು. ಹೆಂಡತಿ ಮರೈಕೆ. ಆರು ವರ್ಷದ ಮಗಳು ಲೋಟೆ. ಈ ಹುಡುಗಿ ಸಾಲಿಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಹಿಂದಿ, ನನ್ನ ಅಡುಗೆಮನೆಯಲ್ಲಿ ಧಾರವಾಡದ ಕನ್ನಡ ಆಡುತ್ತಾಳೆ.

ಅವರ ಪದ್ಧತಿ ನನಗೆ ತಿಳಿದದ್ದು ಆಮೇಲೆ. ಡಿಸೆಂಬರಿನ ಮೊದಲ ವಾರ ಸಿಂಟರ್‌ಕ್ಲಾಸ್ ಎಂಬ ಗಡ್ಡದ ಸಂತ ಸ್ಪೇನಿನಿಂದ ಬಂದು, ಬಿಳಿ ಕುದುರೆಯ ಮೇಲೆ ಮಾಳಿಗೆಯಿಂದ ಮಾಳಿಗೆಗೆ ತಿರುಗುತ್ತಾನಂತೆ. ಮಕ್ಕಳು ಕುದುರೆಗೆಂದು ಬೂಟಿನಲ್ಲಿ ಗಜ್ಜರಿ ಇಟ್ಟು ಮಲಗಬೇಕು. ಒಳ್ಳೆಯ ಮಗುವಾದರೆ ಬೆಳಗಾಗುವಷ್ಟರಲ್ಲಿ ಗಜ್ಜರಿ ಹೋಗಿ ಮಿಠಾಯಿ ಬಂದಿರುತ್ತದೆ. ಕೆಟ್ಟ ಮಗುವಿಗೆ ಏನೂ ಇಲ್ಲ; ತೀರ ಕೆಟ್ಟದ್ದನ್ನು ಚೀಲದಲ್ಲಿ ಹಾಕಿಕೊಂಡು ಸ್ಪೇನಿಗೆ ಒಯ್ಯುತ್ತಾನಂತೆ. ನಮ್ಮ ಮಾಳಿಗೆಯ ತುಂಬ ನೀರಿನ ಟ್ಯಾಂಕು, ಕುದುರೆ ಎಡವೀತು ಎಂದು ಯೋಚಿಸಿ ಲೋಟೆ ಬೂಟನ್ನು ಕೆಳಗೆ ನನ್ನ ಬಾಗಿಲಿಗೆ ತಂದಿಟ್ಟಿದ್ದಳು. ಬೆಳಕು ಹರಿದ ಮೇಲೆ ಇಳಿದು ಮಿಠಾಯಿ ಹಾಕಿದರಾಯಿತು ಎಂದುಕೊಂಡಿದ್ದಳು ತಾಯಿ. ಏಳುವುದಕ್ಕೆ ಸೂರ್ಯನ ದಾರಿ ಕಾಯುವವಳು ನಾನಲ್ಲ.

ತಾಯಿಗಿಂತ ಮೊದಲು ಮಗಳೇ ಇಳಿದಳು. ರಾಶಿಯಲ್ಲಿ ತನ್ನ ಬೂಟು ಹುಡುಕಿ ತೆಗೆದಳು, ಒಳಗೆ ಕೈ ಹಾಕಿ ನೋಡಿದಳು, ನನ್ನ ಮುಂದೆ ಬಂದು ನಿಂತಳು. ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು.

"ಅಜ್ಜಿ, ನಾ ಕೆಟ್ಟ ಹುಡುಗಿ ಏನು?"

"ಯಾರಂದ್ರು?"

"ಕುದುರಿ ಗಜ್ಜರಿ ತಿಂದೈತಿ. ಅವ ನನಗ ಏನೂ ಕೊಟ್ಟಿಲ್ಲ. ಬೂಟು ಒಗದು ಹೋಗ್ಯಾನ."

ಅಷ್ಟರಲ್ಲಿ ಮರೈಕೆ ಇಳಿದು ಬಂದಿದ್ದಳು. ಮಿಠಾಯಿ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು, ಮೆಟ್ಟಿಲ ಮೇಲೆ ನಿಂತು, ಬೇಡ ಬೇಡ ಎಂದು ನನ್ನತ್ತ ತಲೆ ಅಲ್ಲಾಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಮಂಗಲಾ ಕಣ್ಣಲ್ಲೇ ಕೈ ಮುಗಿಯುತ್ತಿದ್ದಳು. ಇಬ್ಬರಿಗೂ ನನ್ನ ಬಾಯಿಯ ಭಯ. ಹಾವು ಹಾಲು ಕುಡಿಯುವುದಿಲ್ಲ ಎಂದು ನಾಗರಪಂಚಮಿಯ ದಿನ ಹುತ್ತದ ಮುಂದೆಯೇ ಮೊಮ್ಮಕ್ಕಳಿಗೆ ಹೇಳಿದವಳು ನಾನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಸುಳ್ಳನ್ನು ಚೆಂದ ಮಾಡಿ ಹೇಳುವಷ್ಟು ವಿದ್ಯೆ ಎಲ್ಲಿಂದ ಬರಬೇಕು?

"ಅವ ಒಗದಿಲ್ಲ, ನಾ ಒಗದೀನಿ," ಎಂದೆ. "ಗಜ್ಜರಿ ಎಮ್ಮಿಗೆ ಹಾಕೀನಿ."

"ಅಯ್ಯ, ಅತ್ತಿ!" ಎಂದಳು ಮಂಗಲಾ. ಮರೈಕೆ ಮುಖ ಮುಚ್ಚಿಕೊಂಡಳು. ಲೋಟೆ ಮಾತ್ರ ನನ್ನನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

"ಅಂದ್ರ ಅವ ಬಂದಾಗ ಬೂಟು ಇರಲೇ ಇಲ್ಲ!"

"ಎಲ್ಲಿಂದ ಇರತೈತಿ?"

"ಅಂದ್ರ ನಾ ಕೆಟ್ಟಾಕಿ ಅಲ್ಲ. ನೀನ ಕೆಟ್ಟಾಕಿ!"

"ಹೌದ್ ಬಿಡು."

"ನಿನ್ನನ್ನ ಅವ ಚೀಲದಾಗ ಹಾಕ್ಕೊಂಡು ಸ್ಪೇನಿಗೆ ಒಯ್ತಾನ."

"ಒಯ್ಲಿ. ಕುದುರಿ ಸೊಂಟ ಮುರೀತೈತಿ, ಅಷ್ಟ."

ಮಕ್ಕಳ ನಂಬಿಕೆಯನ್ನು ದೊಡ್ಡವರು ಉಕ್ಕುವ ಹಾಲಿನಂತೆ ಕಾಯುತ್ತಾರೆ. ಒಂದು ನಿಜ ಬಿದ್ದರೆ ಒಡೆದೇ ಹೋಗುತ್ತದೆ ಎಂಬ ಹೆದರಿಕೆ. ಸಂತ ಇದ್ದಾನೋ ಇಲ್ಲವೋ ಎಂಬ ಚಿಂತೆ ಆ ಹುಡುಗಿಗೆ ಇರಲೇ ಇಲ್ಲ. ತಾನು ಒಳ್ಳೆಯವಳೋ ಅಲ್ಲವೋ ಎಂಬುದಷ್ಟೇ ಅವಳನ್ನು ಕೊರೆಯುತ್ತಿತ್ತು. ಆ ಕೆಟ್ಟ ಹೆಸರನ್ನು ನನ್ನ ತಲೆಗೆ ಕಟ್ಟಿ ಅವಳು ಹಗುರಾದಳು. ನನಗೇನು, ಈ ಮನೆಯಲ್ಲಿ ಅಂಥ ಹೆಸರು ಹೊತ್ತು ರೂಢಿಯಿದೆ.

ಅಂದು ಸಂಜೆ ಮತ್ತೆ ಬೂಟು ಬಂತು. ಈ ಸಲ ನಾನು ಕರಾರು ಹಾಕಿದೆ: ಬೂಟು ಹೊಸ್ತಿಲ ಹೊರಗೆ, ಗಜ್ಜರಿ ತೊಳೆದ ತಾಟಿನಲ್ಲಿ, ಮಿಠಾಯಿಯೂ ತಾಟಿನಲ್ಲೇ.

"ಅವಗ ತಾಟು ತಿಳೀತೈತೇನ, ಅಜ್ಜಿ?"

"ತಿಳೀಲಿಲ್ಲ ಅಂದ್ರ ಕಲೀಲಿ. ನಮ್ಮೂರಿಗೆ ಬಂದಾನಲ್ಲ."

ಮರುದಿನ ಬೂಟು ಖಾಲಿ. ತಾಟಿನಲ್ಲಿ ಗಜ್ಜರಿ ಮಾಯವಾಗಿ, ಲೋಟೆಯ ಹೆಸರಿನ ಮೊದಲಕ್ಷರದ ಆಕಾರದ ಚಾಕೊಲೇಟು, ಸುತ್ತ ಸಣ್ಣ ಬಿಸ್ಕೀಟು. ಹುಡುಗಿ ಕುಣಿದಾಡಿ, ಹಾಲೆಂಡಿನ ತನ್ನ ಅಜ್ಜಿಗೆ ವಿಡಿಯೋ ಫೋನ್ ಮಾಡಿಸಿ, ಸಂತ ಇಲ್ಲಿಯ ಅಜ್ಜಿಯ ಮಾತು ಕೇಳಿದನೆಂದು ಹೇಳಿದಳು. ನಿಜವೇ ಎಂದು ಆ ಅಜ್ಜಿ ಮರೈಕೆಯ ಬಾಯಿಂದ ನನ್ನನ್ನು ಕೇಳಿಸಿದಳು. ಮಂಗಲಾ ಮತ್ತೆ ಕಣ್ಣಲ್ಲೇ ಕೈ ಮುಗಿದಳು.

ಹೌದು ಎಂದೆ. ತಾಟಿನಲ್ಲಿ ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಯಾರೇ ಇಟ್ಟಿರಲಿ, ನನ್ನ ಮಾತು ಕೇಳಿಯೇ ಇಟ್ಟಿದ್ದರು.